ಮಲ್ಟಿಮೀಟರಿಗೆ ಹೊಂದುವ ಲೀಡ್ ಮತ್ತು ಕ್ಲಿಪ್ ಆರಿಸುವುದು ಹೇಗೆ

ಮೀಟರ್ ಸರಿಯಿದ್ದೂ ರೀಡಿಂಗ್ ಕುಣಿಯುತ್ತಿದ್ದರೆ ಮೊದಲು ಲೀಡ್, ಅಂದರೆ ಮೀಟರಿಗೆ ಸಿಕ್ಕಿಸುವ ತಂತಿ ನೋಡಿ. ಪ್ಲಗ್ಗಿನ ಬುಡದಲ್ಲಿ ತಂತಿ ಒಳಗೊಳಗೇ ಮುರಿದಿರುತ್ತದೆ, ಇಲ್ಲವೇ ಪ್ಲಗ್ಗೇ ಸಾಕೆಟ್‌ನಲ್ಲಿ ಸಡಿಲವಾಗಿರುತ್ತದೆ. ಹೊಸ ಜೋಡಿ ಕೊಳ್ಳುವಾಗ ಪ್ಯಾಕೆಟ್ ಮೇಲೆ ‘ಎಲ್ಲ ಮೀಟರಿಗೂ ಆಗುತ್ತದೆ’ ಎಂದಿದ್ದರೆ ಅಷ್ಟಕ್ಕೇ ನಂಬಬೇಡಿ. ನಿಮ್ಮ ಮೀಟರಿನ ಸಾಕೆಟ್ ಯಾವ ಬಗೆಯದು, ಪ್ರೋಬಿನ (ಕೈಯಲ್ಲಿ ಹಿಡಿದು ತಾಗಿಸುವ ಕಡ್ಡಿಯ) ತುದಿ ಎಷ್ಟು ದಪ್ಪ ಎಂದು ಮೊದಲು ತಿಳಿದುಕೊಳ್ಳಿ.

ಕೈಯಲ್ಲಿ ಹಿಡಿಯುವ ಬಹುಪಾಲು ಮೀಟರುಗಳಿಗೆ ಬೇಕಾದದ್ದು 4 ಮಿ.ಮೀ. ಬನಾನಾ ಪ್ಲಗ್ (ಒಂಟಿ ಪಿನ್ನಿನ ದುಂಡು ಪ್ಲಗ್). ತೀರ ಪುಟ್ಟ ಮೀಟರುಗಳಲ್ಲಿ 2 ಮಿ.ಮೀ. ಪಿನ್ ಇರಬಹುದು. ಟಾರ್ಚ್ ಹಾಕಿ ಸಾಕೆಟ್ ಒಳಗೆ ನೋಡಿ: ನಡುವಿನ ಲೋಹದ ತೂತಿನ ಸುತ್ತ ಬಳೆಯಂಥ ಸಂದು ಇದ್ದರೆ ಅದು ಪ್ಲಾಸ್ಟಿಕ್ ಕವಚವಿರುವ ಪ್ಲಗ್ಗಿಗೆಂದು ಮಾಡಿದ್ದು. ಸಂದು ಇಲ್ಲದ ಹಳೆಯ ಬಗೆಯ ಸಾಕೆಟ್‌ಗೆ ಆ ಪ್ಲಗ್ ಹೋಗುವುದೇ ಇಲ್ಲ; ಒತ್ತಿದರೆ ಹಿಂದೆ ಸರಿಯುವ ಸ್ಪ್ರಿಂಗ್ ಕವಚದ ಪ್ಲಗ್ ಮಾತ್ರ ಹೋಗುತ್ತದೆ. ಬೆಂಚ್ ಪವರ್ ಸಪ್ಲೈಗಳ ಟರ್ಮಿನಲ್‌ಗಳಲ್ಲೂ ಸಾಮಾನ್ಯವಾಗಿ ಇದೇ ತೊಡಕು. ಕವಚವಿಲ್ಲದ ಪ್ಲಗ್ ಹೊಸ ಬಗೆಯ ಸಾಕೆಟ್‌ಗೆ ಸಲೀಸಾಗಿ ಹೋಗುತ್ತದೆ, ಆದರೆ ಹಾಗೆ ಬಳಸಬೇಡಿ. ಪ್ರೋಬ್ 230 ವೋಲ್ಟಿನ ಲೈನಿಗೆ ತಾಗಿರುವಾಗ ಪ್ಲಗ್ ಕಿತ್ತು ಬಂದರೆ ಆ ಬರಿ ಲೋಹದಲ್ಲಿ ಅಷ್ಟೂ ವೋಲ್ಟೇಜ್ ಇರುತ್ತದೆ.

ಆಳವನ್ನೂ ನೋಡಬೇಕು. ಪ್ಲಗ್ ಪೂರ್ತಿ ಕೂತಾಗ ಲೋಹ ಎಲ್ಲೂ ಕಾಣಬಾರದು. ಕೆಲವು ಮೀಟರುಗಳಲ್ಲಿ ಆಂಪಿಯರ್ ಸಾಕೆಟ್‌ನ ಲೋಹ ಎರಡು ಸೀಳಾಗಿರುತ್ತದೆ; ಲೀಡ್ ಅಲ್ಲಿದೆಯೋ ಇಲ್ಲವೋ ಎಂದು ಮೀಟರ್ ಅದರಿಂದ ಗುರುತಿಸಿ, ತಪ್ಪು ಸಾಕೆಟ್‌ನಲ್ಲಿದ್ದರೆ ಎಚ್ಚರಿಸುತ್ತದೆ. ಗಿಡ್ಡ ಪ್ಲಗ್ ಹಾಕಿದರೆ ಎರಡೂ ಸೀಳು ಕೂಡದೆ ಆ ಎಚ್ಚರಿಕೆಯೇ ಬರದಿರಬಹುದು. ಎಲ್ ಆಕಾರದ ಪ್ಲಗ್ ಆದರೆ ಮೀಟರಿನ ರಬ್ಬರ್ ಹೊದಿಕೆ ಅಡ್ಡ ಬರುತ್ತದೆಯೇ ಎಂದು ಹಾಕಿಯೇ ನೋಡಿ.

ಇನ್ನು ರೇಟಿಂಗ್. ಎಂಥ ಜಾಗದಲ್ಲಿ ಅಳೆಯಲು ಸುರಕ್ಷಿತ ಎಂಬುದನ್ನು ‘ಕ್ಯಾಟ್’ (ಕೆಟಗರಿ) ಅಂಕಿ ಹೇಳುತ್ತದೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಉಪಕರಣಗಳಿಗೆ ಕ್ಯಾಟ್ 2, ಕಟ್ಟಡದ ವೈರಿಂಗ್ ಮತ್ತು ಡಿಸ್ಟ್ರಿಬ್ಯೂಷನ್ ಬೋರ್ಡಿಗೆ ಕ್ಯಾಟ್ 3, ಎನರ್ಜಿ ಮೀಟರ್ ಮತ್ತು ಅದಕ್ಕೂ ಹಿಂದಿನ ಲೈನಿಗೆ ಕ್ಯಾಟ್ 4. ಪ್ರೋಬ್‌ಗಳ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಐಇಸಿ 61010-031. ಮೀಟರ್, ಲೀಡ್, ಕ್ಲಿಪ್ ಈ ಮೂರರಲ್ಲಿ ಯಾವುದರ ರೇಟಿಂಗ್ ಕಡಿಮೆಯೋ ಅದೇ ಇಡೀ ಜೋಡಣೆಯ ರೇಟಿಂಗ್. 600 ವೋಲ್ಟಿನ ಮೀಟರಿಗೆ 300 ವೋಲ್ಟಿನ ಕ್ಲಿಪ್ ಹಾಕಿದರೆ ಕೈಯಲ್ಲಿರುವುದು 300 ವೋಲ್ಟಿನ ಮೀಟರ್ ಅಷ್ಟೇ.

ಕ್ಯಾಟ್ 3 ಮತ್ತು 4ರಲ್ಲಿ ತುದಿಯ ಬರಿ ಲೋಹ 4 ಮಿ.ಮೀ.ಗಿಂತ ಹೆಚ್ಚು ಹೊರಗಿರಬಾರದು. ಬೋರ್ಡಿನಲ್ಲಿ ಎರಡು ಫೇಸ್‌ಗಳಿಗೆ ಒಂದೇ ತುದಿ ಅಡ್ಡಲಾಗಿ ತಾಗಿದರೆ ಭಾರಿ ಕಿಡಿ ಏಳುತ್ತದೆ, ಅದಕ್ಕೇ ಈ ಮಿತಿ. ಅನೇಕ ಪ್ರೋಬ್‌ಗಳಿಗೆ ಕಳಚಬಹುದಾದ ಟೋಪಿ ಬರುತ್ತದೆ: ಹಾಕಿದ್ದರೆ ಕ್ಯಾಟ್ 3, ತೆಗೆದರೆ ಕ್ಯಾಟ್ 2. ಆ ಟೋಪಿಗಳನ್ನು ಕಳೆದುಕೊಳ್ಳಬೇಡಿ.

ಕರೆಂಟ್ ಅಳೆಯುವವರಿಗೆ ತಂತಿಯ ದಪ್ಪ ಮುಖ್ಯ, ಮೋಸ ಹೆಚ್ಚಾಗಿ ನಡೆಯುವುದೂ ಇಲ್ಲೇ. ಮೇಲಿನ ಇನ್ಸುಲೇಷನ್ ದಪ್ಪಗಿದ್ದ ಮಾತ್ರಕ್ಕೆ ಒಳಗೆ ತಾಮ್ರ ತುಂಬಿದೆ ಎಂದಲ್ಲ. 0.82 ಚದರ ಮಿ.ಮೀ. ತಾಮ್ರದ ಒಂದೊಂದು ಮೀಟರ್ ಉದ್ದದ ಎರಡು ಲೀಡ್ ಸೇರಿ ಸುಮಾರು 0.04 ಓಮ್, 10 ಆಂಪಿಯರ್ ಹರಿದರೆ 4 ವ್ಯಾಟ್ ಶಾಖ. 0.13 ಚದರ ಮಿ.ಮೀ. ತಂತಿಯಾದರೆ ಸುಮಾರು 0.27 ಓಮ್, 27 ವ್ಯಾಟ್. ಪಿವಿಸಿ ಹೊದಿಕೆ ಮೆತ್ತಗಾಗಿ ಕರಗಲು ಅಷ್ಟು ಸಾಕು, ಮೇಲೆ ‘20 ಆಂಪಿಯರ್’ ಎಂದು ಅಚ್ಚು ಹಾಕಿದ್ದರೂ. ಪರೀಕ್ಷೆ ಸುಲಭ: ಪವರ್ ಸಪ್ಲೈಯನ್ನು 1 ಆಂಪಿಯರಿಗೆ ಮಿತಿಗೊಳಿಸಿ ಒಂದು ಲೀಡ್‌ನಲ್ಲಿ ಹರಿಸಿ, ಅದರ ಎರಡು ತುದಿಗಳ ನಡುವಿನ ಮಿಲಿವೋಲ್ಟ್ ಅಳೆಯಿರಿ. ಬಂದ ಅಂಕಿಯೇ ಮಿಲಿಓಮ್. 1 ಮೀಟರಿನ ಒಳ್ಳೆಯ ಲೀಡ್ 20ರಿಂದ 40ರೊಳಗೆ ತೋರಿಸುತ್ತದೆ. ನೂರು ದಾಟಿದರೆ ಅದನ್ನು ಆಂಪಿಯರ್ ಕೆಲಸಕ್ಕೆ ಬಳಸಬೇಡಿ. ತಂತಿ ಅಯಸ್ಕಾಂತಕ್ಕೆ ಅಂಟಿದರೆ ಒಳಗಿರುವುದು ತಾಮ್ರ ಲೇಪಿಸಿದ ಉಕ್ಕು. ಹೊದಿಕೆಯಲ್ಲಿ ಸಿಲಿಕೋನ್ ಮೇಲು: ಸುರುಳಿ ನೆನಪಿಟ್ಟುಕೊಳ್ಳುವುದಿಲ್ಲ, ಸೋಲ್ಡರಿಂಗ್ ಐರನ್ ತಾಗಿದರೆ ಕರಗುವುದಿಲ್ಲ. ಆದರೆ ಚೂಪು ಅಂಚಿಗೆ ಬೇಗ ಕೊಯ್ದುಹೋಗುತ್ತದೆ.

ಕ್ಲಿಪ್‌ಗಳು ಪ್ರೋಬಿಗೆ ಕೂರುವ ಬಗೆ ಮೂರು. ತುದಿಯ ಮೇಲೆ ತೂರಿಸುವಂಥವು ಸಾಮಾನ್ಯವಾಗಿ 2 ಮಿ.ಮೀ. ತುದಿಗೆ ಮಾಡಿದವು, ತುದಿ ಸಣ್ಣದಾದರೆ ಜಾರಿ ಬೀಳುತ್ತವೆ. ತಿರುಪಿನವು ಬಿಗಿಯಾಗಿ ನಿಲ್ಲುತ್ತವೆ, ಆದರೆ ಥ್ರೆಡ್ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಪ್ರೋಬ್ ಮಾಡಿದವರದೇ ಕ್ಲಿಪ್ ತೆಗೆದುಕೊಳ್ಳಿ. ಮೂರನೆಯದು, ಹಿಂಭಾಗದಲ್ಲಿ 4 ಮಿ.ಮೀ. ಸಾಕೆಟ್ ಇರುವ ಕ್ಲಿಪ್. ಎರಡೂ ತುದಿಗೆ ಕವಚದ ಪ್ಲಗ್ ಇರುವ ಸಿಲಿಕೋನ್ ಲೀಡ್ ಒಂದು ಜೋಡಿ ಇದ್ದರೆ ಪ್ರೋಬ್, ಕ್ರೊಕೊಡೈಲ್ ಕ್ಲಿಪ್, ಹುಕ್ ಎಲ್ಲವನ್ನೂ ಅದಕ್ಕೇ ಬದಲಾಯಿಸಿಕೊಳ್ಳಬಹುದು. ಹೊಸದಾಗಿ ಕೊಳ್ಳುವುದಿದ್ದರೆ ಇದೇ ಸರಿ.

ಕ್ರೊಕೊಡೈಲ್ ಕ್ಲಿಪ್ ಮುಚ್ಚಿದಾಗ ಲೋಹ ಹೊರಗೆ ಕಾಣಬಾರದು. ಹಿಂಬದಿ ತೆರೆದಿರುವ ಅಗ್ಗದವನ್ನು ಬ್ಯಾಟರಿ ವೋಲ್ಟೇಜಿಗೆ ಮಾತ್ರ ಇಡಿ. ವಾಹನದ ಬ್ಯಾಟರಿ ಟರ್ಮಿನಲ್ ಹಿಡಿಯಲು ಬಾಯಿ 20 ಮಿ.ಮೀ.ಗಿಂತ ಅಗಲ ತೆರೆಯಬೇಕು. ಸರ್ಕ್ಯೂಟ್ ಬೋರ್ಡಿನ ಕಾಲುಗಳಿಗೆ ಮಿನಿ ಹುಕ್, ಕನೆಕ್ಟರಿನ ಹಿಂದಿನಿಂದ ತೂರಿಸಲು ತೆಳು ಬ್ಯಾಕ್ ಪ್ರೋಬ್ ಪಿನ್. ಸಣ್ಣ ಹುಕ್‌ಗಳ ರೇಟಿಂಗ್ ಹೆಚ್ಚಾಗಿ ತೀರ ಕಡಿಮೆ, ಮೈನ್ಸ್‌ಗೆ ಹಾಕಬೇಡಿ. ವೈರ್ ಹೊದಿಕೆಗೆ ಚುಚ್ಚುವ ಪ್ರೋಬ್ ಬಳಸಿದರೆ ಆ ತೂತಿನಿಂದ ನೀರಿಳಿದು ತಾಮ್ರ ಹಸಿರುಗಟ್ಟುತ್ತದೆ. ಬೇರೆ ದಾರಿ ಇಲ್ಲದಾಗ ಮಾತ್ರ ಚುಚ್ಚಿ, ಆಮೇಲೆ ಮುಚ್ಚಿ.

ಎಲ್ಲ ಜೋಡಿಸಿದ ಮೇಲೆ ಓಮ್‌ಗೆ ತಿರುಗಿಸಿ, ಎರಡು ಕ್ಲಿಪ್‌ಗಳನ್ನು ಒಂದಕ್ಕೊಂದು ಕಚ್ಚಿಸಿ. 0.1ರಿಂದ 0.3 ಓಮ್ ಬಂದು ಅಲ್ಲೇ ನಿಲ್ಲಬೇಕು. ಈಗ ಪ್ಲಗ್ಗಿನ ಬುಡ, ಪ್ರೋಬಿನ ಕುತ್ತಿಗೆ, ಕ್ಲಿಪ್ ಕೂತ ಜಾಗ ಒಂದೊಂದನ್ನೇ ಅಲುಗಾಡಿಸಿ. ಅಂಕಿ ಎಲ್ಲಿ ಹಾರುತ್ತದೋ ದೋಷ ಅಲ್ಲಿದೆ. ಎರಡು ಪದರದ ಲೀಡ್‌ನಲ್ಲಿ ಒಳಗಿನ ಬಿಳಿ ಪದರ ಕಂಡರೆ ಟೇಪ್ ಸುತ್ತಬೇಡಿ, ಎಸೆದುಬಿಡಿ.