ಫೌಜಿ ಮನೆಯ ವಿಚ್ಛೇದನ: ಕೋರ್ಟಿಗೂ ಹೋಗಬೇಕು, ಯೂನಿಟ್‌ಗೂ ಬರೆಯಬೇಕು

ಗಂಡ ಮಿಲ್ಟ್ರಿಯಲ್ಲಿದ್ದು ಸಂಸಾರ ಮುರಿದು ಬಿದ್ದರೆ ನಮ್ಮ ಹಾಸನ ಕಡೆಯ ಹಳ್ಳಿಗಳಲ್ಲಿ ಮೊದಲು ಸೇರುವುದು ಪಂಚಾಯ್ತಿ. ಹಿರಿಯರು ಕೂತು ಮಾತಾಡುತ್ತಾರೆ. ಛಾಪಾ ಕಾಗದದ ಮೇಲೆ ‘ಇನ್ನು ನಮಗೂ ಇವರಿಗೂ ಸಂಬಂಧವಿಲ್ಲ’ ಅಂತ ಬರೆಸಿ ಇಬ್ಬರ ಕೈಲೂ ಸಹಿ ಹಾಕಿಸುತ್ತಾರೆ. ರಜೆ ಮುಗಿದು ಹುಡುಗ ಡ್ಯೂಟಿಗೆ ಹೊರಡುತ್ತಾನೆ, ಹುಡುಗಿ ತವರು ಸೇರುತ್ತಾಳೆ.

ಆ ಕಾಗದದಿಂದ ವಿಚ್ಛೇದನ ಆಗುವುದಿಲ್ಲ. ಸಮುದಾಯದ ರೂಢಿಯಲ್ಲಿ ಬಿಡುಗಡೆ ಇದೆ ಅಂತ ಸಾಕ್ಷಿ ಸಮೇತ ಸಾಬೀತು ಮಾಡಿದರೆ ಮಾತ್ರ ಹಿಂದೂ ವಿವಾಹ ಕಾಯ್ದೆ ಅದನ್ನು ಒಪ್ಪುತ್ತದೆ. ಅದು ಸುಲಭದ ಮಾತಲ್ಲ. ಸೇನೆಯ ದಾಖಲೆಯಲ್ಲೂ ಹೆಂಡತಿಯ ಹೆಸರು ಹಾಗೇ ಇರುತ್ತದೆ. ಆ ಕಾಗದ ನಂಬಿ ಯೋಧ ಇನ್ನೊಂದು ಮದುವೆಯಾದರೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ಅಪರಾಧ. ಸೇನೆಯ ಶಿಸ್ತು ಕ್ರಮ ಬೇರೆ. ಕೆಲಸಕ್ಕೇ ಕುತ್ತು ಬರಬಹುದು.

ಹಾಗಾಗಿ ದಾರಿ ಕೋರ್ಟಿನದೇ. ಆದರೆ ಫೌಜಿ ಮನೆಯವರಿಗೆ ಕೋರ್ಟೊಂದೇ ಸಾಲದು. ಸಂಬಳ, ರಜೆ, ಸಮನ್ಸ್, ಮುಂದೆ ಪಿಂಚಣಿ, ಎಲ್ಲವೂ ಯೂನಿಟ್ (ಯೋಧ ಕೆಲಸ ಮಾಡುವ ತುಕಡಿ) ಮೂಲಕವೇ ಹೋಗಬೇಕು. ಎರಡೂ ಕಡೆ ಒಟ್ಟಿಗೆ ಕಾಗದ ನಡೆಸಿದವರಿಗೆ ಅರ್ಧ ಅಲೆದಾಟ ತಪ್ಪುತ್ತದೆ.

ಮೊದಲು ಕಾಗದ ಪತ್ರ

ಲಗ್ನಪತ್ರಿಕೆ, ಮದುವೆ ಫೋಟೊ, ನೋಂದಣಿ ಆಗಿದ್ದರೆ ಅದರ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಇಬ್ಬರ ಆಧಾರ್. ಇದು ಎಲ್ಲರಿಗೂ ಬೇಕು. ಇದರ ಜೊತೆ ಯೋಧನ ಆರ್ಮಿ ನಂಬರ್, ರ್‍ಯಾಂಕ್, ಯೂನಿಟ್ ಹೆಸರು, 56 ಎ.ಪಿ.ಓ. (ಸೇನೆಯ ಅಂಚೆ ಕಚೇರಿ) ವಿಳಾಸ ಬರೆದಿಟ್ಟುಕೊಳ್ಳಿ. ಡಿಪೆಂಡೆಂಟ್ ಕಾರ್ಡು, ಕ್ಯಾಂಟೀನ್ ಕಾರ್ಡು, ಹಳೆಯ ಸಂಬಳದ ಸ್ಲಿಪ್ಪು ಸಿಕ್ಕರೆ ನಕಲು ತೆಗೆದಿಡಿ. ಯೂನಿಟ್ ಎಲ್ಲಿದೆ ಅಂತಲೇ ಗೊತ್ತಿಲ್ಲವಾ? ನಂಬರ್ ಒಂದಿದ್ದರೂ ಸಾಕು, ಆ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬಹುದು. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲೂ ಕೇಳಿ.

ಯಾವ ಊರಿನ ಕೋರ್ಟು?

ಹುಡುಗಿಯ ತವರು ಅರಕಲಗೂಡು, ಹುಡುಗನ ಊರು ಕಡೂರು, ಮದುವೆ ಆಗಿದ್ದು ಚನ್ನರಾಯಪಟ್ಟಣದ ಛತ್ರದಲ್ಲಿ, ಕೊನೆಗೆ ಒಟ್ಟಿಗಿದ್ದಿದ್ದು ಸಿಕಂದರಾಬಾದಿನ ಕ್ವಾರ್ಟರ್ಸಿನಲ್ಲಿ ಅಂದುಕೊಳ್ಳಿ. ಮದುವೆಯಾದ ಊರು, ಕೊನೆಗೆ ಒಟ್ಟಿಗಿದ್ದ ಊರು, ಎದುರುದಾರರು ಇರುವ ಊರು, ಮೂರರಲ್ಲಿ ಎಲ್ಲಾದರೂ ಅರ್ಜಿ ಹಾಕಬಹುದು. ಹಿಂದೂ ವಿವಾಹ ಕಾಯ್ದೆಯ 2003ರ ತಿದ್ದುಪಡಿಯ ನಂತರ ಹೆಂಡತಿಗೆ ಇನ್ನೊಂದು ಅನುಕೂಲವಿದೆ. ಅರ್ಜಿ ಹಾಕುವವಳು ಅವಳೇ ಆದರೆ ಆಗ ತಾನು ವಾಸವಿರುವ ಕಡೆಯೇ ಹಾಕಬಹುದು. ಈ ಹುಡುಗಿ ಸಿಕಂದರಾಬಾದಿಗೆ ಓಡಾಡಬೇಕಿಲ್ಲ, ಅರಕಲಗೂಡಿನ ವಿಳಾಸವೇ ಸಾಕು. ಅದು ಕೌಟುಂಬಿಕ ನ್ಯಾಯಾಲಯಕ್ಕೆ ಬರುತ್ತದೋ, ತಾಲ್ಲೂಕಿನ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಬರುತ್ತದೋ, ಅದನ್ನು ವಕೀಲರು ಹೇಳುತ್ತಾರೆ. ಮದುವೆಯಾಗಿ ಒಂದು ವರ್ಷ ತುಂಬದೆ ಸಾಮಾನ್ಯವಾಗಿ ಅರ್ಜಿ ಹಾಕಲು ಆಗುವುದಿಲ್ಲ.

ಮುಸ್ಲಿಮರಿಗೆ, ಕ್ರೈಸ್ತರಿಗೆ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಕೋರ್ಟಿನ ಕಾನೂನು ಬೇರೆ. ಯೂನಿಟ್ಟಿನ ಕೆಲಸ ಮಾತ್ರ ಎಲ್ಲರಿಗೂ ಒಂದೇ.

ಒಪ್ಪಿಗೆಯೋ, ತಕರಾರೋ

ಇಬ್ಬರೂ ಒಪ್ಪಿದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂನಡಿ ಜಂಟಿ ಅರ್ಜಿ. ಅದಕ್ಕೆ ಮೊದಲು ಒಂದು ವರ್ಷ ಬೇರೆ ಇದ್ದಿರಬೇಕು. ಇಲ್ಲಿ ಫೌಜಿ ಮನೆಯವರು ಎಡವುತ್ತಾರೆ. ಡ್ಯೂಟಿಗಾಗಿ ದೂರ ಇದ್ದ ದಿನಗಳನ್ನೆಲ್ಲ ಇದಕ್ಕೆ ಸೇರಿಸಲು ಬರುವುದಿಲ್ಲ. ಗಂಡ ಹೆಂಡತಿಯಾಗಿ ಬಾಳುವುದನ್ನು ನಿಲ್ಲಿಸಿದ ದಿನದಿಂದ ಲೆಕ್ಕ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಒಂದೂವರೆ ವರ್ಷಕ್ಕಿಂತ ಜಾಸ್ತಿ ಬೇರೆ ಇದ್ದು, ಜೀವನಾಂಶ, ಮಕ್ಕಳ ವಿಷಯ ಎಲ್ಲ ಇತ್ಯರ್ಥವಾಗಿ, ರಾಜಿಯ ದಾರಿ ಇಲ್ಲ ಅಂತ ಖಾತ್ರಿಯಾದರೆ ಈ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು. 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ಅರ್ಜಿ ಹಾಕುವಾಗ ಕೋರ್ಟಿಗೆ ಕೊಡುವ ಮೊದಲ ಹೇಳಿಕೆ ಒಂದು ರಜೆಗೆ, ಕಾಯುವ ಅವಧಿಯ ನಂತರ ಕೊಡುವ ಎರಡನೆಯದು ಮುಂದಿನ ರಜೆಗೆ ಬರುವ ಹಾಗೆ ಮೊದಲೇ ವಕೀಲರ ಜೊತೆ ಕೂತು ಲೆಕ್ಕ ಹಾಕಿ.

ಒಬ್ಬರು ಒಪ್ಪದಿದ್ದರೆ ಕ್ರೌರ್ಯ, ಎರಡು ವರ್ಷ ತೊರೆದಿರುವುದು ಇತ್ಯಾದಿ ಕಾರಣಗಳನ್ನು ಸಾಬೀತು ಮಾಡಬೇಕು. ಗಡಿಯಲ್ಲಿ ಡ್ಯೂಟಿ ಮಾಡುತ್ತಿರುವ ಗಂಡ ಹೆಂಡತಿಯನ್ನು ತೊರೆದಂತಲ್ಲ. ಅತ್ತೆ ಮನೆಯಲ್ಲಿ ಇರಲಾಗದೆ ತವರಿಗೆ ಬಂದ ಹೆಂಡತಿಯೂ ಸುಮ್ನೆ ತೊರೆದವಳಾಗುವುದಿಲ್ಲ.

ಜೀವನಾಂಶಕ್ಕೆ ಡಿಕ್ರಿವರೆಗೆ (ಕೋರ್ಟಿನ ಅಂತಿಮ ಆದೇಶದವರೆಗೆ) ಕಾಯಬೇಡಿ

ಈ ಭಾಗವನ್ನು ನಮ್ಮ ಹೆಣ್ಣುಮಕ್ಕಳು ದಯವಿಟ್ಟು ಎರಡು ಸಲ ಓದಬೇಕು. ವಿಚ್ಛೇದನ ಆದ ಮೇಲೇ ದುಡ್ಡು ಕೇಳಬೇಕು ಅಂದುಕೊಂಡು ವರ್ಷಗಟ್ಟಲೆ ಅಪ್ಪ, ಅಣ್ಣಂದಿರ ಕೈ ನೋಡುತ್ತಾ ಕೂರುವವರು ಬೇಕಾದಷ್ಟು ಜನ. ಕಾನೂನು ಹಾಗೆ ಹೇಳಿಯೇ ಇಲ್ಲ.

ಕೋರ್ಟಿನಲ್ಲಿ ಎರಡು ದಾರಿ. ವಿಚ್ಛೇದನದ ಕೇಸು ನಡೆಯುತ್ತಿದ್ದರೆ ಅದರೊಳಗೇ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂನಡಿ ಮಧ್ಯಂತರ ಜೀವನಾಂಶ, ಕೇಸಿನ ಖರ್ಚು ಕೇಳಬಹುದು. ಕೇಸು ಹಾಕದಿದ್ದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂನಡಿ ಕೇಳಬಹುದು. ಇದೇ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. ಇಬ್ಬರೂ ಆಸ್ತಿ, ಆದಾಯ, ಸಾಲದ ಬಗ್ಗೆ ಅಫಿಡವಿಟ್ ಸಲ್ಲಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಿಗಬೇಕು ಅಂತ 2020ರಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೇ ಅರ್ಜಿ ತಡ ಮಾಡಬಾರದು.

ಮೂರನೇ ದಾರಿ ಸೇನೆಯದು. ಸಿವಿಲ್ ಕೋರ್ಟು ಯೋಧನ ಸಂಬಳವನ್ನು ಜಪ್ತಿ ಮಾಡುವಂತಿಲ್ಲ, 1950ರ ಸೇನಾ ಕಾಯ್ದೆಯ 28ನೇ ಕಲಂ ಅದನ್ನು ತಡೆಯುತ್ತದೆ. ಆದರೆ ಅದೇ ಕಾಯ್ದೆಯ 90 ಮತ್ತು 91ನೇ ಕಲಂಗಳಲ್ಲಿ ಹೆಂಡತಿ ಮಕ್ಕಳ ಪಾಲನೆಗಾಗಿ ಸೇನೆಯೇ ಸಂಬಳದಲ್ಲಿ ಹಿಡಿದುಕೊಡಲು ಅವಕಾಶವಿದೆ. ಅಧಿಕಾರಿಗಳಿಗೆ 90, ಉಳಿದವರಿಗೆ 91. ಸೇನೆಯ ಆದೇಶದಂತೆ ಹೆಂಡತಿಗೆ ಸಂಬಳ ಮತ್ತು ಭತ್ಯೆಯ ಶೇ 22ರವರೆಗೆ, ಒಂದೊಂದು ಮಗುವಿಗೆ ಶೇ 5.5, ಒಟ್ಟು ಶೇ 33 ಮೀರುವಂತಿಲ್ಲ. ಸಂಬಳ ಭತ್ಯೆ 50,000 ರೂಪಾಯಿ, ಎರಡು ಮಕ್ಕಳು ಅಂದರೆ ಹೆಂಡತಿಗೆ 11,000, ಮಕ್ಕಳಿಗೆ ತಲಾ 2,750. ಒಟ್ಟು 16,500 ರೂಪಾಯಿವರೆಗೆ.

ಇದಕ್ಕೆ ಯೂನಿಟ್ಟಿನ ಮುಖ್ಯಸ್ಥರಾದ ಕಮಾಂಡಿಂಗ್ ಆಫೀಸರಿಗೆ ಅರ್ಜಿ ಬರೆಯಬೇಕು. ಮದುವೆಯಾದ ದಿನ, ಮಕ್ಕಳ ವಯಸ್ಸು, ಯಾವಾಗಿನಿಂದ ದುಡ್ಡು ಬಂದಿಲ್ಲ, ನಿಮಗೆ ಬೇರೆ ಆದಾಯ ಇದೆಯೇ, ನಿಮ್ಮ ಬ್ಯಾಂಕ್ ಖಾತೆ ಯಾವುದು, ಇಷ್ಟು ಸಾಕು. ದಾಖಲೆಗಳ ನಕಲು ಸೇರಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಯೂನಿಟ್ಟಿನವರು ಗಂಡನಿಗೆ ನೋಟಿಸ್ ಕೊಟ್ಟು ಉತ್ತರ ಕೇಳುತ್ತಾರೆ. ಆಮೇಲೆ ಮೇಲಧಿಕಾರಿಗಳು ಆದೇಶ ಮಾಡುತ್ತಾರೆ. ಕೋರ್ಟು ಬೇರೆ ಮೊತ್ತ ನಿಗದಿ ಮಾಡಿದರೆ ಆ ಆದೇಶದ ದೃಢೀಕೃತ ನಕಲನ್ನು ಯೂನಿಟ್ಟಿಗೆ ಕಳಿಸಬೇಕು. ವಾಯುಪಡೆ, ನೌಕಾಪಡೆಗೂ ಇಂಥದೇ ನಿಯಮಗಳಿವೆ. ಬಿ.ಎಸ್.ಎಫ್., ಸಿ.ಆರ್.ಪಿ.ಎಫ್. ಬೇರೆ ಕಾಯ್ದೆಯಡಿ ಬರುತ್ತವೆ, ಸೇನಾ ಕಾಯ್ದೆಯ ಕಲಂ ಅಲ್ಲಿಗೆ ಬರೆದರೆ ಪ್ರಯೋಜನವಿಲ್ಲ.

ಪತ್ರದಲ್ಲಿ ನಿಜ ಮಾತ್ರ ಇರಲಿ. ಸಿಟ್ಟಿನಲ್ಲಿ ಗಂಡನ ಮೇಲೆ ಇಲ್ಲದ್ದನ್ನೆಲ್ಲ ಮೇಲಧಿಕಾರಿಗಳಿಗೆ ಬರೆದರೆ ಅದೇ ನಿಮಗೆ ತಿರುಗುಬಾಣವಾಗುತ್ತದೆ. 2021ರಲ್ಲಿ ಜೋಯ್‌ದೀಪ್ ಮಜುಂದಾರ್ ಪ್ರಕರಣದಲ್ಲಿ ಸೇನಾಧಿಕಾರಿಯ ಹೆಂಡತಿ ಮೇಲಿಂದ ಮೇಲೆ ದೂರು ಕಳಿಸಿ ಅವರ ಕೆಲಸಕ್ಕೂ ಹೆಸರಿಗೂ ಪೆಟ್ಟು ಕೊಟ್ಟಿದ್ದನ್ನು ಸುಪ್ರೀಂ ಕೋರ್ಟ್ ಮಾನಸಿಕ ಕ್ರೌರ್ಯ ಅಂತ ಪರಿಗಣಿಸಿ ವಿಚ್ಛೇದನ ಕೊಟ್ಟಿತು. ಜೀವನಾಂಶ ಕೇಳುವುದು ನಿಮ್ಮ ಹಕ್ಕು, ಅದಕ್ಕೆ ಅಳುಕಬೇಡಿ. ಅಷ್ಟನ್ನು ಮಾತ್ರ ಕೇಳಿ.

ಯೋಧನ ಕಡೆಯವರಿಗೆ

ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ. ಊರಿಗೆ ಬಂದಾಗ ಕೋರ್ಟಿಗೆ ರಜೆ, ವಾಯಿದೆ ಬಿದ್ದಾಗ ಇವನು ಲಡಾಖಿನಲ್ಲಿ. ಈ ಕಷ್ಟಕ್ಕೆ ಸೇನಾ ಕಾಯ್ದೆಯ 32ನೇ ಕಲಂನಲ್ಲೇ ಪರಿಹಾರವಿದೆ, ಆದರೆ ಕೇಳಿ ಪಡೆಯುವವರು ಕಡಿಮೆ. ಕೇಸಿಗಾಗಿ ರಜೆ ಕೊಟ್ಟಿದ್ದೇವೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಯೂನಿಟ್ಟಿನಿಂದ ಸರ್ಟಿಫಿಕೇಟ್ ತಂದು ಕೋರ್ಟಿಗೆ ಕೊಟ್ಟರೆ, ಸಾಧ್ಯವಾದ ಮಟ್ಟಿಗೆ ಆ ರಜೆಯೊಳಗೇ ವಿಚಾರಣೆ ಮುಗಿಸಬೇಕು. ಆಗದಿದ್ದರೆ ಕೋರ್ಟು ಕಾರಣ ಬರೆಯಬೇಕು. ಆ ಸರ್ಟಿಫಿಕೇಟಿಗೆ ಕೋರ್ಟ್ ಶುಲ್ಕವೂ ಇಲ್ಲ.

ರಜೆಯೇ ಸಿಗದಿದ್ದರೆ ಅಪ್ಪನಿಗೋ ಅಣ್ಣನಿಗೋ ಕೇಸು ನೋಡಿಕೊಳ್ಳಲು ಅಧಿಕಾರ ಬರೆದುಕೊಡಬಹುದು. ಕಮಾಂಡಿಂಗ್ ಆಫೀಸರ್ ಎದುರಿಗೆ ಸಹಿ ಹಾಕಬೇಕು. ಆದರೆ ಸಾಕ್ಷಿ ಹೇಳಲು, ಒಪ್ಪಿಗೆ ತಿಳಿಸಲು ಯೋಧನೇ ಬೇಕು. ವಿಡಿಯೊ ಕಾನ್ಫರೆನ್ಸಿಗೆ ಕೋರ್ಟಿನ ಅನುಮತಿ ಕೇಳಿ ನೋಡಿ.

ಸಮನ್ಸ್ ಹೋಗಬೇಕಾದ್ದು ಕಮಾಂಡಿಂಗ್ ಆಫೀಸರ್ ಮೂಲಕ. ಊರಿನ ಮನೆ ಬಾಗಿಲಿಗೆ ಅಂಟಿಸಿ, ಯೋಧನ ಮಾತು ಕೇಳದೆಯೇ ಏಕಪಕ್ಷೀಯ ಡಿಕ್ರಿ ಪಡೆದರೆ ನಾಳೆ ಅದು ರದ್ದಾಗಬಹುದು, ವರ್ಷಗಳ ಶ್ರಮ ನೀರುಪಾಲು. ಯುದ್ಧ ಅಥವಾ ವಿಶೇಷ ಪರಿಸ್ಥಿತಿಯ ಡ್ಯೂಟಿಯಲ್ಲಿರುವವರಿಗೆ ಕೇಸು ಮುಂದೂಡುವ ರಕ್ಷಣೆಯನ್ನು 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಕೊಟ್ಟಿದೆ.

ಡಿಕ್ರಿ ಬಂದ ಮೇಲೆ

ದೃಢೀಕೃತ ನಕಲನ್ನು ಯೂನಿಟ್ಟಿಗೆ ಕೊಟ್ಟು ಪಾರ್ಟ್ ಟು ಆರ್ಡರ್ (ದಾಖಲೆ ಬದಲಿಸುವ ಯೂನಿಟ್ಟಿನ ಆದೇಶ) ಮಾಡಿಸಬೇಕು. ಆಗಲೇ ಸೇನೆಯ ದಾಖಲೆ ಬದಲಾಗುವುದು. ಭವಿಷ್ಯ ನಿಧಿ, ಗುಂಪು ವಿಮೆಯ ನಾಮಿನಿ ಹೆಸರನ್ನೂ ಆಗಲೇ ನೋಡಿ. ಅಪೀಲಿನ ಅವಧಿ ಮುಗಿಯುವ ಮೊದಲು ಮರುಮದುವೆ ಬೇಡ.

ವಿಚ್ಛೇದಿತ ಹೆಂಡತಿಗೆ ಕುಟುಂಬ ಪಿಂಚಣಿ ಇಲ್ಲ. ಡಿಪೆಂಡೆಂಟ್ ಕಾರ್ಡು, ಮಿಲ್ಟ್ರಿ ಆಸ್ಪತ್ರೆಯ ಸೌಲಭ್ಯವೂ ನಿಲ್ಲುತ್ತದೆ. ಒಪ್ಪಿಗೆಯ ವಿಚ್ಛೇದನಕ್ಕೆ ಸಹಿ ಹಾಕುವ ಮೊದಲು ಇದನ್ನು ಯೋಚಿಸಿಯೇ ಶಾಶ್ವತ ಜೀವನಾಂಶದ ಮೊತ್ತ ಮಾತಾಡಿ. ಮಕ್ಕಳ ಹಕ್ಕು ಮಾತ್ರ ಹೋಗುವುದಿಲ್ಲ. ಅವರ ಹೆಸರು ದಾಖಲೆಯಲ್ಲಿ ಉಳಿದಿದೆಯೇ ಅಂತ ತಾಯಿಯೇ ಬರೆದು ಕೇಳಬೇಕು.

ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಯೋಧರಿಗೂ ಅವರ ಕುಟುಂಬಕ್ಕೂ 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆ ಶುರುವಾಗಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವಾಗ ಆರ್ಮಿ ನಂಬರ್ ಬರೆದ ಚೀಟಿ ಮರೆಯಬೇಡಿ.