ವಿಮಾನಕ್ಕೆ ಹೊರಡುವ ಮುನ್ನ ಬ್ಯಾಗ್ ಒಮ್ಮೆ ಬಿಚ್ಚಿ ನೋಡಿ

ಕೈಗಾಕ್ಕೋ ನೌಕಾನೆಲೆಗೋ ವರ್ಗವಾಗಿ ಕಾರವಾರಕ್ಕೆ ಬಂದಿದ್ದೀರಿ. ರಜೆಗೆ ಊರಿಗೆ ಹೋಗಬೇಕು, ಆದರೆ ಕಾರವಾರದಿಂದ ಪ್ರಯಾಣಿಕರ ವಿಮಾನ ಇಲ್ಲ. ಹೆಚ್ಚಿನವರು ಮಾಜಾಳಿ ದಾಟಿ ಗೋವಾಕ್ಕೇ ಹೋಗುತ್ತಾರೆ. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ ಅನುಕೂಲ, ಭಟ್ಕಳದವರಿಗೆ ಮಂಗಳೂರು.

ಗೋವಾದಲ್ಲಿ ಎರಡು ವಿಮಾನ ನಿಲ್ದಾಣ ಇವೆ, ಇದನ್ನು ಮರೆಯಬೇಡಿ. ಹಳೆಯದು ದಾಬೋಳಿ. 2023ರ ಜನವರಿಯಲ್ಲಿ ಶುರುವಾದ ಮೋಪಾ ಉತ್ತರದ ತುದಿಯಲ್ಲಿ, ಪಣಜಿಯನ್ನೂ ದಾಟಿ ಹೋಗಬೇಕು. ಟಿಕೆಟಿನಲ್ಲಿ ಜಿಓಐ ಅಂತಿದ್ದರೆ ದಾಬೋಳಿ, ಜಿಓಎಕ್ಸ್ ಅಂತಿದ್ದರೆ ಮೋಪಾ. ಬರೀ 'ಏರ್‌ಪೋರ್ಟ್' ಎಂದರೆ ಡ್ರೈವರ್ ತನಗೆ ತಿಳಿದ ಕಡೆ ಕರೆದುಕೊಂಡು ಹೋಗಿಬಿಟ್ಟಾನು.

ಇನ್ನು ಬ್ಯಾಗಿನ ವಿಚಾರ. ಸೆಕ್ಯುರಿಟಿಯಲ್ಲಿ ನಮ್ಮ ಜಿಲ್ಲೆಯವರನ್ನು ನಿಲ್ಲಿಸುವುದು ಸಾಮಾನ್ಯವಾಗಿ ತಿಂಡಿ ಗಂಟು. ಹೊರಡುವ ಹೊತ್ತಿಗೆ ಪಕ್ಕದ ಮನೆಯ ಅಕ್ಕ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ತಂದು ಕೈಗಿಡುತ್ತಾರೆ, ಬೇಡ ಅನ್ನಲಾಗುವುದಿಲ್ಲ, ಅಲ್ವಾ? ತೆಗೆದುಕೊಳ್ಳಿ, ಆದರೆ ಕೌಂಟರಿನಲ್ಲಿ ಕೊಡುವ ದೊಡ್ಡ ಬ್ಯಾಗಿಗೆ ಹಾಕಿ. ಮುಚ್ಚಳದ ಸುತ್ತ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಹಳೇ ಟವೆಲ್ ನಡುವೆ ಇಡಿ. ಜೋನಿ ಬೆಲ್ಲಕ್ಕೂ ಇದೇ ಜಾಗ. ಅದನ್ನು ನಾವು ಬೆಲ್ಲ ಅಂದುಕೊಂಡರೂ ತಪಾಸಣೆಯವರ ಕಣ್ಣಿಗೆ ಅದು ದ್ರವವೇ. ವಿದೇಶಕ್ಕೆ ಹೊರಟವರಿಗಂತೂ ಕೈಚೀಲದಲ್ಲಿ ದ್ರವದ ಒಂದೊಂದು ಡಬ್ಬಿ 100 ಮಿಲಿಲೀಟರ್ ಮೀರುವಂತಿಲ್ಲ. ಹಾಳೆಯಂತೆ ತೆಳ್ಳಗಿರುವ ಸಿಹಿತಿಂಡಿ ತೊಡದೇವು ಮಾತ್ರ ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗಿಗೆ ಹಾಕಿದರೆ ಇಳಿಯುವ ಹೊತ್ತಿಗೆ ಪುಡಿ.

ಇಡೀ ಒಣಕೊಬ್ಬರಿ ಗಿಟುಕು ಎರಡೂ ಕಡೆ ಬೇಡ. ಎಣ್ಣೆ ಜಾಸ್ತಿ ಇರುವುದರಿಂದ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಎಂದು ವಿಮಾನದವರು ಅದನ್ನು ಅಪಾಯದ ಸಾಮಾನಿನ ಪಟ್ಟಿಗೆ ಸೇರಿಸಿದ್ದಾರೆ. ಬೆಂಕಿಪೊಟ್ಟಣ, ಲೈಟರ್ ಕೂಡ ಮನೆಯಲ್ಲೇ ಬಿಡಿ. ಎಲೆ ಅಡಿಕೆ ಹಾಕುವ ಅಜ್ಜನ ಸಂಚಿಯನ್ನು ಒಮ್ಮೆ ಬಿಚ್ಚಿ ನೋಡಿ. ಅಡಕತ್ತರಿ ಇದ್ದರೆ ಅದು ದೊಡ್ಡ ಬ್ಯಾಗಿಗೆ, ಚಾಕು ಕತ್ತರಿಯ ಜೊತೆ. ಒಣಮೀನು ಒಯ್ಯುವವರು ವಾಸನೆ ಬಾರದಂತೆ ಕಟ್ಟಿ, ವಿಮಾನ ಕಂಪನಿಯನ್ನು ಮೊದಲೇ ಕೇಳಿ.

ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ. ಕೈಚೀಲದಲ್ಲೇ ಇರಬೇಕು, ದೊಡ್ಡ ಬ್ಯಾಗಿನಲ್ಲಿ ಸಿಕ್ಕರೆ ನಿಮ್ಮನ್ನು ಕರೆದು ತೆಗೆಸುತ್ತಾರೆ.

ಬಾಗಿಲಲ್ಲಿ ಭದ್ರತಾ ಸಿಬ್ಬಂದಿ ಟಿಕೆಟ್ ಮತ್ತು ಗುರುತಿನ ಚೀಟಿ ನೋಡುತ್ತಾರೆ, ಎರಡರಲ್ಲೂ ಹೆಸರು ಒಂದೇ ಇರಲಿ. ಮುಂದೆ ತಪಾಸಣೆಯಲ್ಲಿ ಲ್ಯಾಪ್‌ಟಾಪ್, ಮೊಬೈಲ್, ಬೆಲ್ಟು, ಚಿಲ್ಲರೆ ಎಲ್ಲ ಟ್ರೇಗೆ. ಹೆಂಗಸರಿಗೆ ಬೇರೆ ಸಾಲು, ಪರದೆಯ ಒಳಗೆ ಮಹಿಳಾ ಸಿಬ್ಬಂದಿಯೇ ನೋಡುತ್ತಾರೆ. ಬಳೆ, ತಾಳಿಗೆ ಯಂತ್ರ ಕೀ ಅಂದರೆ ಸುಮ್ನೆ ಗಾಬರಿ ಬೇಡ. ಮನೆಯ ಹಿರಿಯರಿಗೆ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ, ಕೈಯಿಂದ ಪರೀಕ್ಷಿಸಿ ಬಿಡುತ್ತಾರೆ. ಮಗುವಿನ ಹಾಲಿಗೆ ಅಡ್ಡಿ ಇಲ್ಲ.

ಕೈಚೀಲದಲ್ಲಿ ಏನಾದರೂ ಸಿಕ್ಕಿಬಿದ್ದರೆ ವಾದಕ್ಕೆ ಇಳಿಯಬೇಡಿ. ಹೊತ್ತಿದ್ದರೆ ಕೌಂಟರಿಗೆ ವಾಪಸ್ ಹೋಗಿ ಅದನ್ನು ಬ್ಯಾಗಿಗೆ ಹಾಕಿಸಬಹುದೇ ಎಂದು ಕೇಳಿ. ಅದಕ್ಕೇ ಎರಡು ತಾಸು ಮೊದಲೇ ಒಳಗಿರಿ ಅನ್ನುವುದು.