ಹಗೇವಿನ ಜಾಡಿಗೆ ಇಸವಿ ಹಚ್ಚಿದ್ದು: ನನ್ನ ಅನುಭವ

ಹಸಿರು ಛಾಯೆ, ಒಳಗೆ ಗುಳ್ಳೆ, ಬಾಯಿ ಸೊಟ್ಟ ಇದ್ದರೆ ಮುಗೀತು, ನೂರೈವತ್ತು ವರ್ಷದ ಗಾಜಿನ ಜಾಡಿ. ನಮ್ಮ ದಾವಣಗೆರೆಯಲ್ಲಿ ಹಳೇ ಸಾಮಾನು ಕೊಳ್ಳುವವರದೂ ಮಾರುವವರದೂ ಇದೇ ಲೆಕ್ಕ. ಇದು ತಪ್ಪು ಅಂದಾಗ ಮಂಡಿಪೇಟೆಯ ಹಿರಿಯ ವ್ಯಾಪಾರಿಯೊಬ್ಬರು, "ಅಲ್ಲಪ್ಪಾ ಮೇಸ್ತ್ರಿ, ಬಾಟ್ಲಿಗೂ ಜಾತಕ ಬರೀತೀಯೇನು?" ಅಂದಿದ್ದರು. ಬರೆದೆ. ಈಗ ಅವರ ಅಂಗಡಿಯ ಜಾಡಿಗಳೇ ನನ್ನ ಹತ್ತಿರ ಬರುತ್ತವೆ, ಇಸವಿ ಹೇಳಲು ಒಂದಕ್ಕೆ ಇನ್ನೂರು ರೂಪಾಯಿ.

ಗುಳ್ಳೆಯಿಂದ ಗೊತ್ತಾಗುವುದು ಕುಲುಮೆಯ ಗುಣ. ಹಸಿರಿನಿಂದ ಮರಳಿನಲ್ಲಿದ್ದ ಕಬ್ಬಿಣ. ಎರಡೂ ಇಸವಿ ಹೇಳುವುದಿಲ್ಲ. ಮಹಾರಾಷ್ಟ್ರದ ತಳೇಗಾಂವದ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾದದ್ದು 1908ರಲ್ಲಿ, ಓಗಲೆಯವರದು 1916ರಲ್ಲಿ. ಬಾಯಿಂದ ಊದಿ ಮಾಡುವ ಕೆಲಸ ನಮ್ಮ ದೇಶದಲ್ಲಿ ಅದರ ನಂತರವೂ ಬಹಳ ಕಾಲ ನಡೆದಿದೆ.

ಅಚ್ಚಿನ ಎರಡು ಹೋಳು ಕೂಡಿದ ಗೆರೆ ಬಾಯಂಚಿನ ತುದಿಯವರೆಗೆ ಏರಿದ್ದರೆ ಅದು 1903ರ ಓವೆನ್ಸ್ ಎಂಬ ಬಾಟ್ಲಿ ಮಾಡುವ ಯಂತ್ರದ ನಂತರದ್ದು ಎಂಬ ಲೆಕ್ಕವೊಂದಿದೆ. ಆದರೆ ಅದು ಕಿರುಬಾಯಿಯ ಬಾಟ್ಲಿಯ ಲೆಕ್ಕ, ಜಾಡಿಗೆ ಹಾಕಬೇಡಿ. ಅಗಲ ಬಾಯಿಯ ಜಾಡಿಗಳು 1890ರ ದಶಕದಲ್ಲೇ ಯಂತ್ರಕ್ಕೆ ಬಂದಿದ್ದವು. ಬಾಯಂಚನ್ನು ಉಜ್ಜಿ ಸಮ ಮಾಡಿದ್ದರೆ ಬಾಯಿಂದ ಊದಿದ ಜಾಡಿ. ತಳದಲ್ಲಿ ಸಣ್ಣ ಉಂಗುರದ ಗುರುತಿದ್ದರೆ ಒತ್ತಿ ಊದುವ ಯಂತ್ರದ್ದು.

ನನ್ನ ಪದ್ಧತಿ ಇಷ್ಟೆ. ಜಾಡಿಯ ಮೇಲಿರುವ ಗುರುತುಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ ಅದನ್ನು ಹಿಡಿಯುತ್ತೇನೆ, ಹಳೆಯದನ್ನಲ್ಲ. ಅಮೆರಿಕದ ಮೇಸನ್ ಜಾಡಿಯ ಮೇಲೆ 1858 ಅಂತ ಉಬ್ಬಿರುವುದು ಪೇಟೆಂಟಿನ ತಾರೀಕು. ಅದೇ ತಾರೀಕು ಹೊತ್ತ ಜಾಡಿಗಳು ಹತ್ತಾರು ವರ್ಷ ಬಂದಿವೆ. ಹಾರ್ಲಿಕ್ಸ್ ಜಾಡಿಯಲ್ಲಿ ಅಮೆರಿಕದ ರಸೀನ್ ಜೊತೆ ಇಂಗ್ಲೆಂಡಿನ ಸ್ಲೌ ಊರಿನ ಹೆಸರೂ ಇದ್ದರೆ ಅಲ್ಲಿನ ಕಾರ್ಖಾನೆ ಎದ್ದ 1908ರ ಈಚಿನದು ಅಂತ ಹಿಡಿಯಬಹುದು. ಇಂಗ್ಲೆಂಡಿನ ಮಾಲಿನ ಮೇಲೆ 'ಆರ್‌ಡಿ ನಂ.' ಅಂತ ವಿನ್ಯಾಸ ನೋಂದಣಿಯ ಸಂಖ್ಯೆ ಇದ್ದರೆ ಹಬ್ಬ. 1884ರಲ್ಲಿ ಒಂದರಿಂದ ಶುರುವಾದ ಆ ಎಣಿಕೆ 1900ರ ಹೊತ್ತಿಗೆ ಸುಮಾರು ಮೂರೂವರೆ ಲಕ್ಷ, 1910ಕ್ಕೆ ಐದೂವರೆ ಲಕ್ಷ ಮುಟ್ಟಿತ್ತು.

ಬಣ್ಣವಿಲ್ಲದ ಗಾಜಿಗೆ ಯುವಿ, ಅಂದರೆ ಅತಿನೇರಳೆ ಕಿರಣದ, ಟಾರ್ಚ್ ಬೇಕು. ಮುನ್ನೂರು ರೂಪಾಯಿಯದು ನೇರಳೆ ಬೆಳಕು ಚೆಲ್ಲಿ ಕಣ್ಣು ಕೆಡಿಸಿತು. 365 ನ್ಯಾನೊಮೀಟರಿನದಕ್ಕೆ ಸಾವಿರದೈನೂರರ ಹತ್ತಿರ ಕೊಟ್ಟೆ. ಮಂದ ಹಸಿರು ಹೊಳೆದರೆ ಮ್ಯಾಂಗನೀಸ್, ನಮ್ಮ ಚಿತ್ರದುರ್ಗದ ನೆಲದಲ್ಲೂ ಸಿಗುವ ಅದೇ ಅದಿರು. ಗಾಜಿನ ಹಸಿರು ಕಳೆಯಲು ಅದನ್ನು ಹಾಕುತ್ತಿದ್ದರು. ಮೊದಲ ಮಹಾಯುದ್ಧದ ಆಚೆಗೆ ಸೆಲೆನಿಯಂ ಆ ಜಾಗ ಹಿಡಿಯಿತು. ಮ್ಯಾಂಗನೀಸ್ ಗಾಜು ಬಿಸಿಲಿಗೆ ನೇರಳೆಯಾಗುತ್ತದಲ್ಲ, ಅದನ್ನೂ ನೋಡಿಬಿಡೋಣ ಅಂತ ಒಂದು ಒಡಕು ಚೂರನ್ನು ಎರಡು ಮಾಡಿ, ಅರ್ಧ ಟ್ರಂಕಿನಲ್ಲಿ, ಅರ್ಧ ತಾರಸಿ ಮೇಲೆ ಇಟ್ಟೆ. ಬೇಸಿಗೆ ಕಳೆದು ಮಳೆಗಾಲವೂ ಮುಗಿದ ಮೇಲೆ ತಾರಸಿಯದು ತಿಳಿ ನೇರಳೆಗೆ ತಿರುಗಿತ್ತು. ಇಡೀ ಜಾಡಿಯ ಮೇಲೆ ಈ ಪ್ರಯೋಗ ಮಾಡಬೇಡಿ, ಬೆಲೆ ಬಿದ್ದುಹೋಗುತ್ತದೆ.

ದುಡ್ಡು ಹೋದದ್ದು ತೊಳೆಯುವುದರಲ್ಲಿ. ಜಾಡಿ ಉರುಳಿಸಿ ಉಜ್ಜುವ ಯಂತ್ರಕ್ಕೆ ಹಳೇ ವಾಷಿಂಗ್ ಮಷಿನ್ ಮೋಟಾರು, ಕತ್ತರಿಸಿದ ತಾಮ್ರದ ತಂತಿ, ಪಾಲಿಶ್ ಪುಡಿ ಸೇರಿ ಆರೇಳು ಸಾವಿರ. ಕೆಂಪು ಗರಸಿನಿಂದ ಬಂದ ಚಿತ್ರದುರ್ಗದ ಜಾಡಿಗಳು ಅದರಲ್ಲಿ ಫಳಫಳ ಹೊಳೆದವು. ನಮ್ಮ ಎರೆ ಮಣ್ಣಿನವು ಪುಡಿಯಾದವು. ಎರೆ ನೀರು ಹಿಡಿಯುತ್ತದೆ, ಜೊತೆಗೆ ಕ್ಷಾರ. ಗಾಜನ್ನು ಪದರ ಪದರವಾಗಿ ತಿನ್ನುತ್ತದೆ. ಹಾಗಾಗಿ ಮೇಲಿನ ಕಾಮನಬಿಲ್ಲಿನ ಪೊರೆ ನೋಡಿಯೂ ವಯಸ್ಸು ಹೇಳಬೇಡಿ. ಎರೆಯಿಂದ ತೆಗೆದದ್ದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿ ನಿಧಾನ ಆರಿಸಿ. ಆಮೇಲೆ ನಾನು ಹಚ್ಚುವ ದ್ರಾವಣವೊಂದಿದೆ, ಅದು ನನ್ನಲ್ಲೇ ಇರಲಿ.

ಪದ್ಧತಿ ಗಟ್ಟಿಯಾದದ್ದು ಚೌಕಿಪೇಟೆಯ ಒಂದು ಮನೆಯಲ್ಲಿ. ಪಾಯ ತೆಗೆಯುವಾಗ ಮುಚ್ಚಿದ ಹಗೇವು, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ, ಸಿಕ್ಕಿತು, ಅದರ ತಳದಲ್ಲಿ ದಪ್ಪ ಗಾಜಿನ ಜಾಡಿ. ಮನೆಯ ಅಜ್ಜ ಕಿರ್ದಿ ಪುಸ್ತಕ ತಂದರು: ವಿಭವ ಸಂವತ್ಸರ, ವೈಶಾಖ, ಹಗೇವು ಮುಚ್ಚಿಸಿದ ಕೂಲಿ. "ನಮ್ಮ ಮುತ್ತಜ್ಜನ ಕಾಲದ್ದಪ್ಪಾ, 1868." ಮಂಡಿಪೇಟೆಯವರು ಗುಳ್ಳೆ ನೋಡಿ ಹೌದು ಅಂದರು, ಹನ್ನೆರಡು ಸಾವಿರ ಅಂದಾಜು ಕಟ್ಟಿದರು. ನಾನು ತಳ ತಿರುಗಿಸಿದೆ. ಯುಜಿಬಿ ಎಂಬ ಅಕ್ಷರಗಳು. ಯುನೈಟೆಡ್ ಗ್ಲಾಸ್ ಬಾಟಲ್ ಎಂಬ ಆ ಇಂಗ್ಲಿಷ್ ಕಂಪನಿ ಕೂಡಿದ್ದೇ 1913ರಲ್ಲಿ. ವಿಭವ ಅರವತ್ತು ವರ್ಷಕ್ಕೆ ಮತ್ತೆ ಬರುತ್ತದೆ, ಹಾಗಾದರೆ ಇದು 1928 ಅಂದೆ. ಯಾರೂ ಒಪ್ಪಲಿಲ್ಲ. ಅಜ್ಜನ ಮೊಮ್ಮಗಳು ಸುಮ್ಮನೆ ಹಾಳೆ ತಿರುವುತ್ತಿದ್ದಳು. ಅದೇ ಕಿರ್ದಿಯಲ್ಲಿ ಎರಡು ಹಾಳೆ ಮುಂದೆ ಹತ್ತಿ ಅಂಡಿಗೆಯ ರೈಲ್ವೆ ರಸೀದಿ ಅಂಟಿಸಿತ್ತು, ಇಸವಿ 1928. ವ್ಯಾಪಾರಿ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

ಜಾಡಿ ಎರಡೂವರೆ ಸಾವಿರಕ್ಕೆ ಹೋಯಿತು. ಕಡಿಮೆಯೇ. ಆದರೆ ನೂರು ದಾಟಿದ ಪುರಾವಸ್ತುವಾದರೆ 1972ರ ಕಾಯ್ದೆ ಅಡ್ಡ ಬರುತ್ತದೆ, ದೇಶದಾಚೆ ಕಳಿಸುವಂತಿಲ್ಲ. ಸರಿಯಾದ ಇಸವಿ ಗೊತ್ತಿದ್ದರೆ ಕೊಳ್ಳುವವರಿಗೂ ಧೈರ್ಯ.

ಅಗೆಯುವುದು ಮಾಲೀಕರ ಒಪ್ಪಿಗೆ ಇದ್ದಲ್ಲಿ ಮಾತ್ರ. 1947ರಲ್ಲಿ ಪುರಾತತ್ವಜ್ಞ ವೀಲರ್ ಉತ್ಖನನ ಮಾಡಿದ ಚಿತ್ರದುರ್ಗದ ಚಂದ್ರವಳ್ಳಿಯಂಥ ಕಡೆ ಗುದ್ದಲಿ ಒಯ್ಯಲೇಬೇಡಿ. ಹಗೇವಾದರೆ ಬಾಯಿ ತೆಗೆದು ಚೆನ್ನಾಗಿ ಗಾಳಿಯಾಡಲು ಬಿಡಿ, ದೀಪ ಇಳಿಸಿ ನೋಡಿ. ದೀಪ ಆರದಿದ್ದರೂ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರು ಗಟ್ಟಿ ಆಳು ನಿಂತಿರಲಿ.